ಆರ್ಲೀನ್ ಡಾಕರಿ ಮತ್ತು ಭೀಮಪ್ಪನವರ ಎರಡನೇ ಸಾವು

ನಮ್ಮ ಪಕ್ಕದ ಮನೆಯ ಆರ್ಲೀನ್ ಡಾಕರಿ ಬೆಳಗಿನ ಚಹಾ ಕುಡಿಯುವುದು ತೀರಿಕೊಂಡವರ ಹೆಸರುಗಳನ್ನು ಕೇಳುತ್ತ. ಕರ್ನಾಟಕದಲ್ಲಿ ಇದನ್ನು ಓದುವವರಿಗೆ ಅಪಶಕುನ ಅನ್ನಿಸಬಹುದು. ಐರ್ಲೆಂಡಿನಲ್ಲಿ ಹಾಗಲ್ಲ. ಇಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರು, ಬೀದಿ, ಮಣ್ಣು ಮಾಡುವ ಹೊತ್ತು ಎಲ್ಲವನ್ನೂ ಊರಿನ ರೇಡಿಯೋದಲ್ಲಿ ದಿನಕ್ಕೆ ಹಲವು ಸಲ ಓದುತ್ತಾರೆ. ಅಂತರ್ಜಾಲದಲ್ಲಿಯೂ ಹಾಕುತ್ತಾರೆ. ಸಾವಿನ ಮನೆಯವರು ಯಾರಿಗೂ ಬೇರೆಯಾಗಿ ಹೇಳಿ ಕಳುಹಿಸುವುದಿಲ್ಲ. ರೇಡಿಯೋದಲ್ಲಿ ಹೆಸರು ಬಂದರೆ ಹೇಳಿ ಕಳುಹಿಸಿದ ಹಾಗೆಯೇ. ಕೇಳಿದವರು ಕೋಟು ಹಾಕಿಕೊಂಡು ಹೊರಡುತ್ತಾರೆ.

ಆರ್ಲೀನ್ ಅವರಿಗೆ ಈಗ ಎಂಬತ್ತೈದು ದಾಟಿದೆ. ಕಣ್ಣಿನ ನಡುಭಾಗ ಮಂಜಾಗಿದೆ. ಬದಿಯಲ್ಲಿರುವುದು ಕಾಣುತ್ತದೆ, ಎದುರಿಗಿರುವ ಅಕ್ಷರ ಕಾಣುವುದಿಲ್ಲ. ಆದ್ದರಿಂದ ಅವರ ಅಡುಗೆಮನೆಯ ಮೇಜಿನ ಬಳಿ ಕೂತು ನಾನು ಓದುತ್ತೇನೆ. ನಾನು ಶಾಲೆ ಬಿಟ್ಟ ವರ್ಷ ಅಮ್ಮ ನನ್ನನ್ನು ಅಲ್ಲಿಗೆ ಕಳುಹಿಸಿದಳು. ಆಗ ನನಗೆ ಜನರೆದುರು ಮಾತು ಹೊರಡುತ್ತಿರಲಿಲ್ಲ, ಓದುವುದಾದರೆ ಆಗುತ್ತಿತ್ತು. ಆರ್ಲೀನ್ ಅವರಿಗೆ ಅಷ್ಟು ಸಾಕಾಗಿತ್ತು. ಮೊದಲ ದಿನ ನಾನು ಅವರನ್ನು ಆಂಟಿ ಎಂದು ಕರೆದೆ.

"ನಾನು ಯಾರ ಆಂಟಿಯೂ ಅಲ್ಲ" ಎಂದರು. "ನನಗೊಂದು ಹೆಸರಿದೆ. ಕರೆದರೆ ಸವೆಯಲ್ಲ, ಕರಿ."

ಹಿರಿಯರನ್ನು ಹೆಸರು ಹಿಡಿದು ಕರೆಯಲು ನನಗೆ ಒಂದು ಚಳಿಗಾಲ ಪೂರ್ತಿ ಬೇಕಾಯಿತು.

ಅವರು ಹುಟ್ಟಿದ್ದು ಅಮೆರಿಕದ ಓಹಾಯೋ ರಾಜ್ಯದಲ್ಲಿ, ನದಿ ದಂಡೆಯ ಒಂದು ಊರಿನಲ್ಲಿ. ಊರಿನ ತುಂಬ ಪಿಂಗಾಣಿ ಕಾರ್ಖಾನೆಗಳು. ಅಪ್ಪ ಭಟ್ಟಿಗೆ ತಟ್ಟೆ ಬಟ್ಟಲು ತುಂಬುವ ಕೆಲಸದವರು. ಆರ್ಲೀನ್ ಶಾಲೆ ಮುಗಿಸಿದ ಬೇಸಿಗೆಯಲ್ಲೇ ಊರಿನ ದಿನಪತ್ರಿಕೆಗೆ ಸೇರಿದರು. ಅದು ಸಾವಿರದ ಒಂಬೈನೂರ ಐವತ್ತರ ದಶಕದ ಕೊನೆ. ಆ ಕಚೇರಿಯಲ್ಲಿ ಹೆಂಗಸರಿಗೆ ಇದ್ದದ್ದು ಮಹಿಳಾ ಪುಟ ಒಂದೇ, ಅದರಲ್ಲಿ ಮದುವೆ, ಕೇಕು ಮತ್ತು ಟೋಪಿ. ಅದಕ್ಕೂ ಆಗಲೇ ಇಬ್ಬರಿದ್ದರು. ಹೀಗಾಗಿ ಬಾಗಿಲ ಗಾಳಿ ನೇರವಾಗಿ ಬೀಸುವ ಮೂಲೆಯಲ್ಲಿ ಇವರಿಗೊಂದು ಮೇಜು ಹಾಕಿ, ಒಂದು ಫೋನು ಕೊಟ್ಟು, ಸಾವಿನ ಸುದ್ದಿ ಬರೆದುಕೊಳ್ಳಲು ಕೂರಿಸಿದರು. ಗಂಡಸರು ಯಾರೂ ಆ ಕೆಲಸ ಕೇಳುತ್ತಿರಲಿಲ್ಲವಂತೆ.

ಆ ಕಾಲದ ಪತ್ರಿಕೆಯಲ್ಲಿ ಮದುವೆಯಾದ ಹೆಂಗಸಿಗೆ ಸ್ವಂತ ಹೆಸರು ಇರುತ್ತಿರಲಿಲ್ಲ. ಗಂಡನ ಹೆಸರಿನ ಹಿಂದೆ ಶ್ರೀಮತಿ ಎಂದು ಹಾಕಿದರೆ ಮುಗಿಯಿತು. ಹಾಗೆಯೇ ಒಂದು ದಿನ ಶ್ರೀಮತಿ ವಾಲ್ಟರ್ ಪ್ರೈಸ್ ತೀರಿಕೊಂಡರು ಎಂದು ಆರ್ಲೀನ್ ಬರೆದರು. ಅಚ್ಚಾದ ಬೆಳಿಗ್ಗೆ ಸತ್ತವರ ತಂಗಿ ಫೋನು ಮಾಡಿದರು.

"ಆ ವಾಲ್ಟರ್ ಮಕ್ಕಳು ಚಿಕ್ಕವರಿದ್ದಾಗಲೇ ಓಡಿಹೋದವನು. ಅವನ ಹೆಸರಲ್ಲೇ ನನ್ನ ಅಕ್ಕನನ್ನ ಹೂಳ್ತೀರಾ? ಅವಳ ಹೆಸರು ಓಪಲ್."

ಓಪಲ್ ಶಾಲೆಯ ಅಡುಗೆಮನೆಯಲ್ಲಿ ಜೀವನವಿಡೀ ಸೂಪು ಬೇಯಿಸಿದವರು. ಆಕೆಯ ಕೈಯೂಟ ಉಂಡು ಬೆಳೆದ ಅರ್ಧ ಊರಿಗೆ ಆಕೆ ಸತ್ತದ್ದೇ ತಿಳಿದಿರಲಿಲ್ಲ. ಶ್ರೀಮತಿ ವಾಲ್ಟರ್ ಪ್ರೈಸ್ ಯಾರೆಂದು ಯಾರಿಗೆ ಗೊತ್ತು? ಆರ್ಲೀನ್ ಮರುದಿನದ ಪತ್ರಿಕೆಗೆ ಹೊಸದಾಗಿ ಬರೆದು ಸಂಪಾದಕರ ಮುಂದೆ ಇಟ್ಟರು.

"ಸತ್ತವಳು ಎರಡು ಸಲ ಸಾಯಲ್ಲಮ್ಮ" ಎಂದರಂತೆ ಸಂಪಾದಕರು.

"ನಿನ್ನೆ ಸತ್ತದ್ದು ವಾಲ್ಟರ್ ಹೆಂಡತಿ. ಓಪಲ್ ಸಾಯೋದು ಇವತ್ತು."

ಸಂಪಾದಕರು ಬೈದರು, ಒಂದು ವಾರ ಮನೆಯಲ್ಲಿರು ಎಂದರು, ಆದರೆ ಅಚ್ಚು ಮಾಡಿಸಿದರು. ಚರ್ಚಿನಲ್ಲಿ ಕೂರಲು ಜಾಗ ಸಾಲದೆ ಜನ ಮೆಟ್ಟಿಲ ಮೇಲೆ ನಿಂತರಂತೆ. ಆಮೇಲೆ ಊರಿನ ಹೆಂಗಸರು ಆ ಮೂಲೆಯ ಫೋನಿಗೆ ಕರೆ ಮಾಡಿ, ನಾನು ಸತ್ತಾಗ ನನ್ನದೂ ಹಾಗೇ ಹಾಕಿ ಎಂದು ಹೆಸರು ಹೇಳಿಡತೊಡಗಿದರು. ಅಂದಿನಿಂದ ಆರ್ಲೀನ್ ಒಂದು ಕ್ರಮ ಇಟ್ಟುಕೊಂಡರು. ಹೆಸರನ್ನು ಕಾಗದದಿಂದ ತೆಗೆದುಕೊಳ್ಳಬಾರದು, ಹತ್ತಿರದವರ ಬಾಯಿಂದಲೇ ಕೇಳಬೇಕು. ಕೇಳಿದ ಮೇಲೆ ತಾನು ಬಾಯಿ ಮುಚ್ಚಿಕೊಂಡಿರಬೇಕು. ಬರೆದದ್ದನ್ನು ಅವರಿಗೇ ಓದಿ ಹೇಳಬೇಕು.

ಆ ಕ್ರಮವೇ ಅವರನ್ನು ಮುಂದಕ್ಕೆ ತಂದಿತು. ಒಂದು ಸಲ ದೊಡ್ಡ ಭಟ್ಟಿಯ ಛಾವಣಿ ಕುಸಿಯಿತು. ಪತ್ರಿಕೆಯ ಗಂಡಸರೆಲ್ಲ ಕಾರ್ಖಾನೆಯ ಕಚೇರಿಗೆ ಓಡಿದರು. ಇವರನ್ನು, ಹೆಂಗಸು ಎಂದು, ಗೇಟಿನಲ್ಲೇ ತಡೆದರು. ಸರಿ, ಗೇಟಿನ ಹೊರಗೇ ನಿಂತು, ಬೂದಿ ಮೆತ್ತಿಕೊಂಡು ಬರುತ್ತಿದ್ದ ಪ್ರತಿಯೊಬ್ಬನನ್ನೂ ಒಂದೇ ಮಾತು ಕೇಳಿದರು: "ನಿನ್ನ ಪಕ್ಕ ಯಾರು ನಿಂತಿದ್ದರು?" ಕಂಪನಿಯವರ ಬಳಿ ಒಳಗಿದ್ದವರ ಸಂಖ್ಯೆ ಇತ್ತು, ಆರ್ಲೀನ್ ಬಳಿ ಹೆಸರುಗಳಿದ್ದವು. ಸಂಖ್ಯೆಗಿಂತ ಒಂದು ಹೆಸರು ಹೆಚ್ಚಾಗಿತ್ತು. ಆ ಬೆಳಿಗ್ಗೆಯಷ್ಟೇ ಕೂಲಿಗೆ ಬಂದಿದ್ದ ಒಬ್ಬ ಹುಡುಗ. ಅಗೆಯುವುದನ್ನು ನಿಲ್ಲಿಸಿದ್ದವರು ಮತ್ತೆ ಅಗೆದರು. ಅವನು ಬದುಕಿದ್ದ. ಅವನು ಮುದುಕನಾಗುವ ತನಕ ಪ್ರತಿ ಕ್ರಿಸ್‌ಮಸ್‌ಗೆ ಇವರಿಗೆ ಕಾರ್ಡು ಕಳುಹಿಸುತ್ತಿದ್ದನಂತೆ.

ಆ ವರದಿ ಮುಖಪುಟದಲ್ಲಿ ಬಂತು. ಬರೆದವಳು ಹೆಣ್ಣು ಎಂದು ಓದುಗರಿಗೆ ತಿಳಿಯಬಾರದೆಂದು ಎ. ಡಾಕರಿ ಎಂದಷ್ಟೇ ಹಾಕಿದ್ದರು. ಎಲ್ಲರ ಹೆಸರನ್ನೂ ಪೂರ್ತಿಯಾಗಿ ಹಾಕಿಸಿದವರ ಹೆಸರೇ ಅರ್ಧ. ಪೂರ್ತಿ ಹೆಸರು ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಆಮೇಲೆ ಕೋರ್ಟಿನ ಸುದ್ದಿ, ಮುಷ್ಕರಗಳ ಸುದ್ದಿ, ಕೊನೆಗೆ ಊರ ಸುದ್ದಿಯ ಸಂಪಾದಕರ ಕುರ್ಚಿ. ಆ ಕುರ್ಚಿಯಲ್ಲಿ ಕೂತ ಮೊದಲ ಬೆಳಿಗ್ಗೆ ಒಬ್ಬ ಹಿರಿಯ ವರದಿಗಾರ, "ಡಾಕರಿ, ಒಂದು ಕಾಫಿ" ಎಂದನಂತೆ. ಇವರು ಎದ್ದು ಹೋಗಿ ಕಾಫಿ ತಂದುಕೊಟ್ಟರು. ಬಟ್ಟಲಿನ ಕೆಳಗೆ ಅವನ ವರದಿಯೂ ಇತ್ತು. ಅದರೊಳಗಿನ ಹೆಸರುಗಳಿಗೆಲ್ಲ ಕೆಂಪು ಗುರುತು: ಯಾರ ಬಾಯಿಂದ ಕೇಳಿದೆ?

ಇಲ್ಲಿ ನಾನು ಮೊದಲು 'ಅಮೆರಿಕದ ಮೊದಲ ಮಹಿಳಾ ಸಂಪಾದಕಿಯರಲ್ಲಿ ಒಬ್ಬರು' ಎಂದು ಬರೆದಿದ್ದೆ. ಅವರಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದಾಗ ಕೈಯೆತ್ತಿ ತಡೆದರು. "ಆ ಪತ್ರಿಕೆಯಲ್ಲಿ ಮೊದಲನೆಯವಳು. ಆ ಕುರ್ಚಿಯಲ್ಲಿ ಮೊದಲನೆಯವಳು. ಅಷ್ಟು ನನ್ನದು. ಉಳಿದದ್ದು ಬೇರೆಯವರದ್ದು, ಅವರಿಗೆ ಬಿಡು" ಎಂದರು. ತಿದ್ದಿದ್ದೇನೆ.

ನಿವೃತ್ತರಾದ ಮೇಲೆ ಅವರು ತಮ್ಮ ಅಜ್ಜಿಯ ಊರು ನೋಡಲು ಐರ್ಲೆಂಡಿಗೆ ಬಂದರು. ನಮ್ಮ ಊರು ಅತ್ಲೋನ್‌ನಿಂದ ಸ್ವಲ್ಪವೇ ದೂರ, ರಾಸ್‌ಕಾಮನ್ ಕಡೆಯ ಒಂದು ಹಳ್ಳಿ. ಅಲ್ಲಿಯ ಸಮಾಧಿಕಲ್ಲಿನ ಮೇಲೆ ಮುತ್ತಜ್ಜನ ಹೆಸರಿತ್ತು, ಅವನ ಹೆಂಡತಿ ಎಂದಿತ್ತು, ಮುತ್ತಜ್ಜಿಯ ಹೆಸರಿರಲಿಲ್ಲ. ಅದನ್ನು ಹುಡುಕಿ ಕೆತ್ತಿಸಿ ಹೋಗೋಣವೆಂದು ಅತ್ಲೋನ್‌ನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದರು. ಹೆಸರು ಸಿಕ್ಕಿತು, ಕೆತ್ತಿಸಿದ್ದೂ ಆಯಿತು, ಹೋಗುವುದು ಮಾತ್ರ ಆಗಲಿಲ್ಲ.

ಇಷ್ಟೆಲ್ಲ ಅವರು ಚಹಾದ ಜೊತೆ ಸ್ವಲ್ಪಸ್ವಲ್ಪವಾಗಿ ಹೇಳಿದ್ದು. ನಾನು ಅದನ್ನು ಹಳೆಯ ಕಾಲದ, ದೂರದ ಊರಿನ ಕಥೆ ಎಂದೇ ಕೇಳುತ್ತಿದ್ದೆ. ಕಳೆದ ಅಕ್ಟೋಬರ್‌ನಲ್ಲಿ ಅದು ನಮ್ಮ ಬೀದಿಗೆ ಬಂತು.

ನಮ್ಮ ಎದುರು ಮನೆಯಲ್ಲಿ ಆಕಾಶ್ ಅವರು ಇದ್ದಾರೆ. ಸಾಫ್ಟ್‌ವೇರ್ ಕೆಲಸ. ರಾಣೆಬೆನ್ನೂರು ಕಡೆಯವರು. ಅವರ ತಂದೆ ಶಿವರುದ್ರಪ್ಪ, ತಾಯಿ ಬಸಲಿಂಗಮ್ಮ ಮಗನ ಜೊತೆಗೇ ಇದ್ದರು. ಶಿವರುದ್ರಪ್ಪನವರು ಎತ್ತರದ ಆಳು, ಹಣೆಯ ಮೇಲೆ ವಿಭೂತಿ, ತಲೆಯ ಮೇಲೆ ಐರಿಷ್ ಮುದುಕರು ಹಾಕುವ ಚಪ್ಪಟೆ ಟೋಪಿ. ಬೆಳಿಗ್ಗೆ ಹತ್ತಕ್ಕೆ ಮನೆ ಬಿಟ್ಟು, ನಮ್ಮೂರಿನ ಶಾನನ್ ಹೊಳೆಯ ದಂಡೆ ಹಿಡಿದು ಹೋದರೆ ಊಟದ ಹೊತ್ತಿಗೆ ಬರುತ್ತಿದ್ದರು. ಒಂದು ಸೋಮವಾರ ಬೆಳಿಗ್ಗೆ ಅವರು ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಅವರು ಲಿಂಗಾಯತರು, ಮಣ್ಣು ಮಾಡುವ ಪದ್ಧತಿ. ಊರಿಗೆ ಒಯ್ಯುವುದು ಬೇಡ, ತನ್ನನ್ನು ಇದ್ದಲ್ಲೇ ಮಣ್ಣು ಮಾಡಿ ಎಂದು ಅವರೇ ಹಿಂದೊಮ್ಮೆ ಹೇಳಿದ್ದರಂತೆ. ಅಂತ್ಯಕ್ರಿಯೆ ನಡೆಸಿಕೊಡುವವರ ಜೊತೆ ಕೂತು ಆಕಾಶ್ ಗುರುವಾರ ಮಧ್ಯಾಹ್ನ ಎಂದು ಗೊತ್ತುಮಾಡಿದರು.

ಮಂಗಳವಾರ ನಾನೂ ಅಮ್ಮನೂ ಅನ್ನ, ಸಾರು ತೆಗೆದುಕೊಂಡು ಹೋಗಿದ್ದೆವು. ಅಡುಗೆಮನೆಯಲ್ಲಿ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಶಿವರುದ್ರಪ್ಪನವರು ಇಂಗ್ಲಿಷ್ ಕಲಿಯಲೆಂದು ಅದನ್ನು ಸದಾ ಹಾಕಿಡುತ್ತಿದ್ದರು. ಅದನ್ನು ಆರಿಸಲು ಯಾರಿಗೂ ಮನಸ್ಸಾಗಿರಲಿಲ್ಲ. ಹಾಡು ನಿಂತು, ಸಾವಿನ ಸುದ್ದಿ ಶುರುವಾಯಿತು. ಓದುವ ಹೆಂಗಸು ಎರಡು ಐರಿಷ್ ಹೆಸರು ಓದಿ, ತಡವರಿಸಿ, "ಎಸ್. ಭೀಮಪ್ಪ" ಎಂದಳು.

ಗೋಡೆಗೆ ಒರಗಿ ಕೂತಿದ್ದ ಬಸಲಿಂಗಮ್ಮ ತಲೆಯೆತ್ತಿದರು.

"ಏನಂದ್ಲಾಕಿ? ನಮ್ಮ ಮಾವನೋರ ಹೆಸರು ಯಾಕ ಹೇಳಿದ್ಲು?"

ಆಕಾಶ್ ಮುಖ ಒರೆಸಿಕೊಂಡರು. "ಅಮ್ಮ, ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಅಂತ ಅಜ್ಜನ ಹೆಸರೇ ಇರೋದು. ಇಲ್ಲಿ ಸರ್‌ನೇಮ್ ಮೇಲೇ ಎಲ್ಲ. ಪಾಸ್‌ಪೋರ್ಟ್ ಕೊಟ್ಟೆ, ಅವ್ರು ಹಂಗೇ ಬರ್ಕೊಂಡ್ರು."

"ಅಲ್ಲೋ, ಮಾವನೋರು ಹೋಗಿ ಮೂವತ್ತ ವರ್ಷ ಆತು! ಬ್ಯಾಡಗಿ ರಸ್ತೇದಾಗ ಗದ್ದಿಗಿ ಕಟ್ಟೇವಿ. ಅವರನ್ನ ಇಲ್ಲಿ ಮತ್ತೊಮ್ಮೆ ಸಾಯಿಸಿದ್ಯಲ್ಲೋ!"

ಅಮ್ಮನಿಗೆ ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡಳು. ಬಸಲಿಂಗಮ್ಮನ ಮುಖದ ಮೇಲೂ ಒಂದು ಕ್ಷಣ ನಗು ಬಂದು ಹೋಯಿತು. ಆಮೇಲೆ ಅವರು ಕೇಳಿದ್ದು ಬೇರೆ.

"ಹಂಗಾರ ನಿಮ್ಮಪ್ಪ ಹೋಗಿದ್ದು ಯಾರಿಗೆ ಗೊತ್ತಾತು?"

"ಯಾರಿಗ್ ಗೊತ್ತಾಗ್ಬೇಕಮ್ಮ? ನಾವಿದೀವಿ. ಗಾಲ್ವೇಯಿಂದ ಡಾಕ್ಟರ್ ಸುಹಾಸ್ ಬರ್ತಾರೆ, ನೀರಜಾ ಆಂಟಿ ಮನೆಯವ್ರು ಬರ್ತಾರೆ. ಸಾಕು. ಮನೆಗೆ ಯಾರೂ ಬರೋದು ಬೇಡ ಅಂತನೂ ಹಾಕ್ಸಿದೀನಿ."

"ನಾಲ್ಕ ಹೆಗಲು ಬೇಕಲ್ಲಪಾ."

"ಹೆಗಲು ಬೇಡಮ್ಮ, ಕಾರಿರತ್ತೆ."

ಬಸಲಿಂಗಮ್ಮ ಮತ್ತೆ ಗೋಡೆಗೆ ಒರಗಿದರು. ಯಾರಿಗೂ ಅಲ್ಲದ ಹಾಗೆ ಹೇಳಿದರು: "ಊರಾಗ ಇದ್ದಿದ್ದ್ರ ಓಣಿ ತುಂಬ ಮಂದಿ ಇರತಿದ್ರು. ಇಲ್ಲಿ ದಿಕ್ಕಿಲ್ಲದವರಂಗ ಹೊಂಟ್ರು ನೋಡು. ಮಣ್ಣಿಗೆ ಯಾರೂ ಇಲ್ಲ."

ಮರಳಿ ಬಂದ ಮೇಲೆ ನಾನು ಆರ್ಲೀನ್ ಅವರ ಮನೆಗೆ ಹೋದೆ. ನಡೆದದ್ದನ್ನು ಹೇಳಲು ನನಗೆ ತುಂಬ ಹೊತ್ತು ಹಿಡಿಯಿತು. ಅವರು ಅವಸರ ಮಾಡಲಿಲ್ಲ. ಕೊನೆಗೆ ಕೇಳಿದರು.

"ಆ ಹೆಸರನ್ನ ಯಾರ ಬಾಯಿಂದ ತಗೊಂಡರು?"

"ಪಾಸ್‌ಪೋರ್ಟ್‌ನಿಂದ."

ಅವರು ಎದ್ದು ಕೋಲು ಹುಡುಕಿದರು. "ಓಪಲ್ ಮತ್ತೆ ಬಂದಳು" ಎಂದರು. ನಾನು ಅವರ ಮೊಣಕೈ ಹಿಡಿದುಕೊಂಡೆ. ರಸ್ತೆ ದಾಟಿದೆವು.

ಆಕಾಶ್‌ಗೆ ಅವರನ್ನು ಕಂಡು ಗಾಬರಿ. ಕುರ್ಚಿ ಹಾಕಿದರು. ಆರ್ಲೀನ್ ಸಾಂತ್ವನದ ಮಾತು ಹೇಳಿ, ನೇರವಾಗಿ ಕೇಳಿದರು. "ನಿಮ್ಮ ತಂದೆ ಬೆಳಿಗ್ಗೆ ಎಲ್ಲಿಗೆ ಹೋಗುತ್ತಿದ್ದರು?"

"ವಾಕಿಂಗ್" ಎಂದರು ಆಕಾಶ್.

ನಾನು ಬಸಲಿಂಗಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರು ಮಗನನ್ನು ನೋಡಿದರು. "ವಾಕಿಂಗ್ ಅಂತ! ಕಟಗಿ ಕೆಲಸಕ್ಕ ಹೋಗತಿದ್ರೋ. ಅದೇ ಮುದುಕರ ಶೆಡ್ಡಿಗೆ. ಮೈತುಂಬ ಹೊಟ್ಟು ಮೆತಕೊಂಡು ಬರತಿದ್ರು. ನೀ ಮೀಟಿಂಗಿನಾಗ ಇರತಿದ್ದಿ."

ನಮ್ಮೂರಿನಲ್ಲಿ ಮೆನ್ಸ್ ಶೆಡ್ ಎಂದು ಒಂದಿದೆ. ಕೆಲಸದಿಂದ ನಿವೃತ್ತರಾದ ಗಂಡಸರು ಅಲ್ಲಿ ಸೇರಿ ಬಡಗಿ ಕೆಲಸ ಮಾಡುತ್ತಾರೆ, ಚಹಾ ಕುಡಿಯುತ್ತಾರೆ. ಶಿವರುದ್ರಪ್ಪನವರು ಅಲ್ಲಿ ಸೇರಿ ಎರಡು ವರ್ಷವಾಗಿತ್ತು. ಮಗನಿಗೆ ಅದು ಗೊತ್ತಿರಲಿಲ್ಲ.

"ಹೊಸದಾಗಿ ಹಾಕಿಸೋಣ" ಎಂದರು ಆರ್ಲೀನ್. "ಸರಿಯಾದ ಹೆಸರು, ಶೆಡ್ಡಿನ ಹೆಸರು. ಮನೆಗೆ ಬರಬಹುದು ಎಂದೂ ಹಾಕಿಸೋಣ."

ಆಕಾಶ್ ದನಿ ತಗ್ಗಿಸಿದರು. ಇಂಗ್ಲಿಷಿನಲ್ಲಿ ಮಾತಾಡಿದರೂ ತಾಯಿಯ ಕಡೆ ನೋಡುತ್ತಲೇ ಇದ್ದರು. "ಹಾಕಿಸಿದ ಮೇಲೂ ಯಾರೂ ಬರಲಿಲ್ಲ ಅಂದ್ರೆ? ಬರಬೇಡಿ ಅಂತ ನಾನೇ ಹೇಳಿದೀನಿ ಅಂದ್ರೆ ಅವಳಿಗೆ ಒಂದು ನೆಪ ಇರತ್ತೆ. ಬಾಗಿಲು ತೆಗೆದಿಟ್ಟು, ಅವಳು ಅದನ್ನೇ ನೋಡ್ತಾ ಕೂತು, ಯಾರೂ ಬರದೇ ಹೋದ್ರೆ ನಾನೇನು ಮಾಡ್ಲಿ?"

ಅವರು ಮನೆ ಮುಚ್ಚಿಸಿದ್ದು ಅದಕ್ಕೆ ಎಂದು ನನಗೆ ಆಗ ತಿಳಿಯಿತು.

"ಬರದೆಯೂ ಇರಬಹುದು" ಎಂದರು ಆರ್ಲೀನ್. "ಬಂದೇ ಬರುತ್ತಾರೆ ಎಂದು ನಾನು ಹೇಳಲಾರೆ. ಆದರೆ ಅವರಿಗೆ ಬರುವುದಕ್ಕೆ ನೀವು ಇನ್ನೂ ಅವಕಾಶ ಕೊಟ್ಟಿಲ್ಲ. ನಿಮ್ಮ ತಾಯಿಯನ್ನ ಕೇಳಿ."

ನಾನು ಕೇಳಿದೆ. ಬಸಲಿಂಗಮ್ಮ, "ಬಾಗಿಲಾ ತಗೀರಿ" ಎಂದರು. ಅಷ್ಟೇ.

ಆರ್ಲೀನ್ ನನ್ನ ಕೈಗೆ ಪೆನ್ಸಿಲ್ ಕೊಟ್ಟು, ಬಸಲಿಂಗಮ್ಮನ ಕಡೆ ತಿರುಗಿದರು. "ಅವರ ಹೆಸರೇನು?"

"ನಾನೇ ಹೇಳ್ತೀನಲ್ಲ" ಎಂದರು ಆಕಾಶ್.

"ನೀವು ಒಂದು ಸಲ ಕೊಟ್ಟಾಯಿತು. ನಾನು ಅವರನ್ನ ಕೇಳುತ್ತಿದ್ದೇನೆ."

ಬಸಲಿಂಗಮ್ಮ ತಲೆ ತಗ್ಗಿಸಿದರು. ಆಕಾಶ್ ನಿಟ್ಟುಸಿರುಬಿಟ್ಟರು. "ಅವಳು ಹೇಳಲ್ಲ. ನಮ್ಮ ಕಡೆ ಹಳೇ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರಲ್ಲ. ಬ್ಯಾಂಕಲ್ಲಿ ಕೇಳಿದ್ರೂ ನನ್ನ ಕಡೆ ಕೈ ತೋರಿಸ್ತಿದ್ಲು."

ಅದನ್ನು ಕೇಳಿ ಆರ್ಲೀನ್ ಅವರ ಹುಬ್ಬು ಮೇಲೇರಿತು. ಗಂಡನ ಹೆಸರಿನ ಕೆಳಗಿಂದ ಹೆಂಗಸರ ಹೆಸರನ್ನು ಎತ್ತಿ ಹೊರಗಿಡುವುದರಲ್ಲೇ ಅವರ ಆಯುಷ್ಯ ಕಳೆದಿತ್ತು. ಗಂಡನ ಹೆಸರನ್ನೇ ನಾಲಿಗೆಯ ಮೇಲೆ ತರದ ಹೆಂಡತಿಯನ್ನು ಅವರು ಕಂಡಿರಲಿಲ್ಲ. ಅವರು ವಾದ ಮಾಡುತ್ತಾರೇನೋ ಎಂದು ನಾನು ಹೆದರಿದೆ. ಮಾಡಲಿಲ್ಲ. ಕೋಲನ್ನು ಮೊಣಕಾಲಿಗೆ ಒರಗಿಸಿ, ಕೈ ಕಟ್ಟಿ, ಸುಮ್ಮನೆ ಕೂತರು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಹೇಗೆ ಎಂದು ನಾನು ಆ ದಿನ ಕಂಡೆ. ರೇಡಿಯೋದಲ್ಲಿ ಹವಾಮಾನ ಬಂತು. ಕೆಟಲ್ ಕುದಿದು ತಾನೇ ಆರಿತು.

ಬಸಲಿಂಗಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ನೆಲ ನೋಡುತ್ತ, ಸಣ್ಣ ದನಿಯಲ್ಲಿ, ಆದರೆ ಒಂದೂ ಅಕ್ಷರ ಒಡೆಯದೆ ಹೇಳಿದರು:

"ಶಾನನ್ ಹೊಳಿ ನೀರು ಹರದೈತಿ ಮೆಲ್ಲಕ,
ಶಿವರುದ್ರಪ್ಪನೋರು ಕೈ ಹಿಡದು ಕರಕೊಂಡು ಬಂದ್ರು ಇಲ್ಲೀತನಕ."

ಆಕಾಶ್ ಗೋಡೆಯ ಕಡೆ ತಿರುಗಿ ನಿಂತರು.

ಉತ್ತರ ಕರ್ನಾಟಕದ ಓದುಗರಿಗೆ ಇದು ಗೊತ್ತು. ಮೈಸೂರಿನಿಂದ ಬಂದ ನನಗೆ ಗೊತ್ತಿರಲಿಲ್ಲ. ಗಂಡನ ಹೆಸರನ್ನು ಬರಿದೇ ಹೇಳಬಾರದು, ಪ್ರಾಸದೊಳಗೆ ಇಟ್ಟು ಹೇಳಬಹುದು. ಅದಕ್ಕೆ ಒಡಪು ಎನ್ನುತ್ತಾರೆ. ಮದುವೆಯಲ್ಲಿ, ಸೀಮಂತದಲ್ಲಿ, ಹೆಂಗಸರು ಬಾಗಿಲಿಗೆ ಅಡ್ಡ ನಿಂತು ನಗುತ್ತ ಹೇಳಿಸುತ್ತಾರೆ. ಸಾವಿನ ಮನೆಯಲ್ಲಿ ಯಾರೂ ಹೇಳುವುದಿಲ್ಲ.

"ಲಗ್ನದಾಗ ಒಮ್ಮೆ ಹೇಳಿದ್ದೆ. ಇವ ಹೊಟ್ಯಾಗಿದ್ದಾಗ ಒಮ್ಮೆ" ಎಂದು ಬಸಲಿಂಗಮ್ಮ ಕಣ್ಣೊರೆಸಿಕೊಂಡರು. "ಈಗ ಈ ಮುದುಕಿ ಹೇಳಿಸಿದ್ಲು ನೋಡು."

ನಾನು ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಿದೆ. ಪ್ರಾಸ ತರಲು ನನಗೆ ಆಗಲಿಲ್ಲ. ಆರ್ಲೀನ್ ಹೆಸರನ್ನು ಮಾತ್ರ ನಿಧಾನವಾಗಿ ಬಿಡಿಸಿ ಹೇಳಿದರು. ಶಿವ, ರುದ್ರ, ಅಪ್ಪ. ತಪ್ಪಿದಲ್ಲಿ ಬಸಲಿಂಗಮ್ಮ ತಲೆ ಅಲ್ಲಾಡಿಸಿದರು, ಸರಿಯಾದಾಗ ಹೂಂ ಎಂದರು. ಹೀಗೆ ಅವರು ಮತ್ತೊಮ್ಮೆ ಹೆಸರು ಹೇಳದೆಯೇ ಹೆಸರು ಸರಿಹೋಯಿತು.

ಬರೆದದ್ದು ಇಷ್ಟು: ಶಿವರುದ್ರಪ್ಪ, ಮೆನ್ಸ್ ಶೆಡ್ಡಿನವರು, ಬಸಲಿಂಗಮ್ಮನವರ ಪತಿ, ಆಕಾಶ್ ಅವರ ತಂದೆ, ರಾಣೆಬೆನ್ನೂರಿನ ದಿವಂಗತ ಭೀಮಪ್ಪನವರ ಮಗ. ಬುಧವಾರ ಮಧ್ಯಾಹ್ನದಿಂದ ಮನೆಗೆ ಬರಬಹುದು, ಗುರುವಾರ ಮಧ್ಯಾಹ್ನ ಮಣ್ಣು. ಅದನ್ನು ಬಸಲಿಂಗಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಕಳುಹಿಸಿದ್ದು.

ಆಮೇಲೆ ಆರ್ಲೀನ್ ಶೆಡ್ಡಿಗೆ ಫೋನು ಮಾಡಿಸಿದರು. ಫಿಂಟನ್ ಎಂಬುವರು ಎತ್ತಿದರು. ಶೆಡ್ಡಿನ ಬೀಗದ ಕೈ ಇಟ್ಟುಕೊಂಡವರು ಅವರೇ.

"ಶಿವ್? ನಮ್ಮ ಶಿವ್?" ಎಂದರು ಫಿಂಟನ್. "ಶೀತ ಆಗಿದೆಯೇನೋ ಅಂದ್ಕೊಂಡಿದ್ವಿ. ಬೆಳಿಗ್ಗೆ ರೇಡಿಯೋದಲ್ಲಿ ಒಂದು ಇಂಡಿಯದ ಹೆಸರು ಬಂತು. ಪಾಪ, ಯಾರೋ ಏನೋ, ದೇವರು ಒಳ್ಳೇದು ಮಾಡಲಿ ಅಂತ ನಾವೇ ಟೋಪಿ ತೆಗೆದ್ವಿ." ಆಮೇಲೆ ಕೇಳಿದರು: "ಸ್ಯಾಂಡ್‌ವಿಚ್ ತರಬಹುದಾ?"

"ಹ್ಯಾಮ್ ಬೇಡ, ಮೊಟ್ಟೆ ಬೇಡ" ಎಂದರು ಆರ್ಲೀನ್.

"ಚೀಸ್?"

ಆಕಾಶ್ ಮೂಗು ಒರೆಸಿಕೊಂಡು, ಸರಿ ಎನ್ನಲು ಇಲ್ಲಿಯವರು ಹೇಳುವ ಹಾಗೆ, "ಚೀಸ್ ಗ್ರ್ಯಾಂಡ್" ಎಂದರು.

ಬುಧವಾರ ಮಧ್ಯಾಹ್ನ ಬಾಗಿಲು ತೆಗೆದಿಟ್ಟರು. ಹೊರಗೆ ಜಡಿಮಳೆ. ಬಸಲಿಂಗಮ್ಮ ಬಾಗಿಲಿಗೆ ಎದುರಾಗಿ ಕೂತಿದ್ದರು. ಸ್ವಲ್ಪ ಹೊತ್ತು ಯಾರೂ ಬರಲಿಲ್ಲ. ಆಕಾಶ್ ಎರಡು ಸಲ ಬಾಗಿಲ ತನಕ ಹೋಗಿ ಬಂದರು. ನಾನು ಆರ್ಲೀನ್ ಅವರ ಮುಖ ನೋಡಿದೆ. ಅವರೂ ಕೋಲನ್ನು ಗಟ್ಟಿಯಾಗಿ ಹಿಡಿದಿದ್ದರು.

ಆಮೇಲೆ ಗೇಟು ಕಿರ್ ಎಂದಿತು. ಫಿಂಟನ್ ಮುಂದೆ, ಹಿಂದೆ ಶೆಡ್ಡಿನವರೆಲ್ಲ, ಟೋಪಿ ಕೈಯಲ್ಲಿ ಹಿಡಿದು. ಅವರ ಹಿಂದೆ ಅವರ ಹೆಂಡತಿಯರು, ಚೀಸ್ ಸ್ಯಾಂಡ್‌ವಿಚ್‌ನ ತಟ್ಟೆಗಳು. ಗ್ರಂಥಾಲಯದ ಹುಡುಗಿ. ಹೊಳೆಯ ಒಡ್ಡು ಕಾಯುವ ಮನುಷ್ಯ. ಶಿವರುದ್ರಪ್ಪನವರು ದಿನವೂ ನಿಂತು ಮಾತಾಡಿಸುತ್ತಿದ್ದ ನಾಯಿಯ ಒಡತಿ, ನಾಯಿಯ ಜೊತೆಗೇ. ಇಲ್ಲಿಯ ರೂಢಿಯಂತೆ ಸಾಲಾಗಿ ಬಂದು ಮನೆಯವರ ಕೈ ಕುಲುಕಬೇಕು. ಬಸಲಿಂಗಮ್ಮ ಗಂಡಸರ ಕೈ ಮುಟ್ಟುವವರಲ್ಲ, ಎರಡೂ ಕೈ ಜೋಡಿಸಿದರು. ಚಾಚಿದ ಕೈಯನ್ನು ಫಿಂಟನ್ ಒಂದು ಕ್ಷಣ ಗಾಳಿಯಲ್ಲೇ ಹಿಡಿದು, ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿ, ತಾವೂ ಕೈ ಜೋಡಿಸಿದರು. ಹಿಂದಿನವರು ಅದನ್ನು ನೋಡಿ ಕಲಿತರು. ಆಮೇಲೆ ಬಂದ ಇಡೀ ಸಾಲು ಕೈ ಮುಗಿದೇ ಮುಂದೆ ಹೋಯಿತು. ಇಂಡಿಯದವರ ಮನೆಯಲ್ಲಿ ಹೀಗೇ ಎಂದು ಅವರು ಹೊರಗೆ ಸಾಲಿನಲ್ಲಿ ನಿಂತವರಿಗೆ ಹೇಳಿಕೊಡುತ್ತಿದ್ದುದು ನನಗೆ ಕೇಳಿಸಿತು.

ಫಿಂಟನ್ ಒಂದು ಮರದ ವಸ್ತು ತಂದಿದ್ದರು. "ಇದು ಏನು ಅಂತ ನಮಗೆ ಕೊನೆಗೂ ಗೊತ್ತಾಗಲಿಲ್ಲ. ಮನೆಯಾಕೆಗೆ ಅಂತಿದ್ದ. ಉಜ್ಜಿದ್ದೇ ಉಜ್ಜಿದ್ದು."

ಬಸಲಿಂಗಮ್ಮ ನೋಡಿದ ಕೂಡಲೇ ಗುರುತು ಹಿಡಿದರು. ಈಳಿಗೆಮಣೆ. ಅಲಗು ಕೂರಿಸುವುದೊಂದು ಬಾಕಿ ಇತ್ತು. "ಚಾಕುವಿನಾಗ ಹೆಚ್ಚಾಕ ಬರಂಗಿಲ್ಲ ಅಂತ ದಿನಾ ಗೊಣಗತಿದ್ದೆ" ಎಂದು ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು. ಎಲ್ಲರೂ ಹೋಗುವ ತನಕ ಕೆಳಗೆ ಇಡಲಿಲ್ಲ.

ಗುರುವಾರ ಕಾರು ಸ್ಮಶಾನದ ಗೇಟಿನ ತನಕ ಮಾತ್ರ ಹೋಯಿತು. ಅಲ್ಲಿಂದ ಶೆಡ್ಡಿನವರು ಹೆಗಲು ಕೊಟ್ಟರು. ಇಲ್ಲಿಯೂ ಹೆಗಲು ಕೊಡುತ್ತಾರೆ, ಸ್ವಲ್ಪ ದೂರಕ್ಕೊಮ್ಮೆ ಹೆಗಲು ಬದಲಿಸುತ್ತಾರೆ. ಆಕಾಶ್ ಮುಂದೆ, ಅವರ ಪಕ್ಕ ಫಿಂಟನ್. ಉಳಿದವರು ದಾರಿಯ ಎರಡೂ ಕಡೆ ಮಳೆಯಲ್ಲಿ ಸಾಲಾಗಿ ನಿಂತಿದ್ದರು. ಡಾಕ್ಟರ್ ಸುಹಾಸ್ ವಿಭೂತಿ ತಂದಿದ್ದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಬಸಲಿಂಗಮ್ಮ ಹಿಂದೆ ತಿರುಗಿ, ಗೇಟಿನ ತನಕ ನಿಂತಿದ್ದ ಜನರನ್ನು ಬಹಳ ಹೊತ್ತು ನೋಡಿದರು. "ಓಣಿ ತುಂಬೈತಿ" ಎಂದರು.

ಐರ್ಲೆಂಡಿನಲ್ಲಿ ಇನ್ನೊಂದು ರೂಢಿಯಿದೆ. ತಿಂಗಳು ಕಳೆದ ಮೇಲೆ ಸಾವಿನ ಮನೆಯವರು ಊರಿನ ವಾರಪತ್ರಿಕೆಯಲ್ಲಿ ಕೃತಜ್ಞತೆಯ ನಾಲ್ಕು ಸಾಲು ಹಾಕಿಸುತ್ತಾರೆ. ಅದನ್ನು ಬರೆಸಲು ಬಸಲಿಂಗಮ್ಮ ತಾವೇ ಆರ್ಲೀನ್ ಅವರ ಅಡುಗೆಮನೆಗೆ ಬಂದರು, ಒಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಿಡಿದುಕೊಂಡು. ಅವರು ಹೇಳುತ್ತಾ ಹೋದರು, ನಾನು ಇಂಗ್ಲಿಷಿಗೆ ತರುತ್ತಾ ಹೋದೆ. ಕೊನೆಗೆ ಬಂದಾಗ ಆರ್ಲೀನ್ ಕೇಳಿದರು: "ಇದನ್ನ ಯಾರು ಹೇಳುತ್ತಿರುವುದು?"

"ಕುಟುಂಬದವರು ಅಂತ ಹಾಕು" ಎಂದರು ಬಸಲಿಂಗಮ್ಮ.

"ಕುಟುಂಬ ನನ್ನ ಮೇಜಿನ ಮುಂದೆ ಕೂತಿಲ್ಲ. ನೀವು ಕೂತಿದ್ದೀರಿ."

"ನನ್ನ ಹೆಸರು ಪೇಪರಿನಾಗ ಯಾತಕ್ಕವಾ?"

ಆಗ ಆರ್ಲೀನ್ ಅವರಿಗೆ ಓಪಲ್ ಪ್ರೈಸ್ ಕಥೆ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಓಡಿಹೋದ ವಾಲ್ಟರ್‌ಗೆ ಬಸಲಿಂಗಮ್ಮ ರಾಣೆಬೆನ್ನೂರಿನ ಭಾಷೆಯಲ್ಲಿ ಏನೋ ಅಂದರು. ಅದನ್ನು ನಾನು ಇಂಗ್ಲಿಷಿಗೆ ತರಲಿಲ್ಲ. ಆಮೇಲೆ ಕೇಳಿದರು: "ಚಿನ್ಮಯಿ, ಈಕಿ ಗಂಡನ ಹೆಸರೇನಂತ ಕೇಳು."

"ಗಂಡ ಇರಲಿಲ್ಲ" ಎಂದರು ಆರ್ಲೀನ್. "ಮದುವೆ ಸುದ್ದಿ ಬರೆಯುವ ಮೇಜು ಖಾಲಿ ಇರಲಿಲ್ಲವಲ್ಲ."

ಬಸಲಿಂಗಮ್ಮ ಬಿದ್ದುಬಿದ್ದು ನಕ್ಕರು. ನಗು ನಿಂತ ಮೇಲೆ ಮೇಜು ತಟ್ಟಿ ಹೇಳಿದರು. "ಆತು, ನನ್ನ ಹೆಸರು ಹಾಕ್ರಿ. ಈಕಿ ಹೆಸರೂ ಹಾಕ್ರಿ."

ಆರ್ಲೀನ್ ಕೂಡಲೇ ತಲೆ ಅಲ್ಲಾಡಿಸಿದರು. "ಸುದ್ದಿ ಬರೆಯುವವಳು ಸುದ್ದಿಯೊಳಗೆ ಹೋಗಬಾರದು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಿಲ್ಲ."

"ಹಂಗಾರ ನನ್ನದೂ ತಗೀರಿ" ಎಂದು ಬಸಲಿಂಗಮ್ಮ ಹೋಳಿಗೆಯ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಆರ್ಲೀನ್ ಸೋಲುವುದನ್ನು ನಾನು ಕಂಡಿದ್ದು ಅದೊಂದೇ ಸಲ.

ನನಗೆ ಅವರು ಎಂದೂ ಪಾಠ ಹೇಳಿಲ್ಲ. ಮತ್ತೆ ಶಾಲೆಗೆ ಹೋಗು ಎಂದೂ ಹೇಳಿಲ್ಲ, ಹೋಗಬೇಡ ಎಂದೂ ಹೇಳಿಲ್ಲ. ನನ್ನ ಬಾಯಿಂದ ಮಾತು ಹೊರಡುವ ತನಕ ಕಾದಿದ್ದಾರೆ, ಬಸಲಿಂಗಮ್ಮನಿಗೆ ಕಾದ ಹಾಗೆಯೇ. ಅದಕ್ಕೆ ನಾನು ಅವರಿಗೆ ಋಣಿ. ಇದನ್ನು ಅವರಿಗೆ ಓದಿದಾಗ ಈ ಸಾಲು ತೆಗೆದುಹಾಕು ಎಂದರು. ಬಸಲಿಂಗಮ್ಮನಿಂದ ಕಲಿತದ್ದರಿಂದ, ತೆಗೆದಿಲ್ಲ.

ವಾರಪತ್ರಿಕೆ ಬಂದ ಬೆಳಿಗ್ಗೆ ನಾನು ಚಹಾ ಇಟ್ಟು ಓದಿದೆ: "ಶಿವರುದ್ರಪ್ಪನವರನ್ನು ಕಳುಹಿಸಿಕೊಡಲು ಮನೆಗೆ ಬಂದವರಿಗೆ, ಕೈ ಮುಗಿದವರಿಗೆ, ಹೆಗಲು ಕೊಟ್ಟವರಿಗೆ, ಮಳೆಯಲ್ಲಿ ನಿಂತವರಿಗೆ, ಮಣೆಯನ್ನು ಮನೆಗೆ ತಂದುಕೊಟ್ಟವರಿಗೆ, ಅವರ ಹೆಸರನ್ನು ಕೇಳಿ ಸರಿಮಾಡಿದ ಆರ್ಲೀನ್ ಡಾಕರಿಯವರಿಗೆ ನನ್ನ ಶರಣು. ಬಸಲಿಂಗಮ್ಮ."

"ಕೊನೆಯದನ್ನ ಇನ್ನೊಮ್ಮೆ ಓದು" ಎಂದರು.

"ಬಸಲಿಂಗಮ್ಮ."

"ಅಕ್ಷರ ಎಲ್ಲ ಇದೆಯಾ?"

"ಇದೆ."

ಅವರು ಪತ್ರಿಕೆಯನ್ನು ಕೈಗೆ ತೆಗೆದುಕೊಂಡು, ತಲೆ ಸ್ವಲ್ಪ ಓರೆ ಮಾಡಿ, ಕಣ್ಣಿನ ಬದಿಯಿಂದ ಆ ಜಾಗವನ್ನು ನೋಡಲು ಪ್ರಯತ್ನಿಸಿದರು. ಆಮೇಲೆ ಮಡಚಿ ಮೇಜಿನ ಮೇಲೆ, ಚಹಾ ಚೆಲ್ಲದಷ್ಟು ದೂರದಲ್ಲಿ ಇಟ್ಟರು.

"ಸರಿ" ಎಂದರು. "ಈಗ ಇವತ್ತು ಹೋದವರನ್ನ ಓದು."